ಗಾಡಿ ಆವಾಜಿಗೆ ಏರ್ ಇನ್‌ಟೇಕ್: ಬೆಳಗಾವಿಯ ಒಂದು ಹಳೆ ಹೋಂಡಾ ಸಿಟಿಯ ಪ್ರಕರಣ

ಪ್ರಕರಣ ಇಷ್ಟು. ಗಾಡಿ ಹಳೆಯ ಹೋಂಡಾ ಸಿಟಿ. ಪೆಟ್ರೋಲ್, 1497 ಸಿಸಿ, ನಾಲ್ಕು ಸಿಲಿಂಡರ್, ಟರ್ಬೋ ಇಲ್ಲ, ಮ್ಯಾನ್ಯುಯಲ್ ಗೇರು. ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಕೆಎ-22 ಪಾಸಿಂಗ್, ವಾರಂಟಿ ಎಂದೋ ಮುಗಿದಿದೆ. ಮಾಲೀಕ ನನ್ನ ತಂಗಿಯ ಮಗ. ಮನೆ ಶಹಾಪುರದಲ್ಲಿ, ಕೆಲಸ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ, ಸಿಎನ್‌ಸಿ ಲೇತ್ ಮೇಲೆ. ನಾನು ಪಾಲಿಟೆಕ್ನಿಕ್‌ನಲ್ಲಿ ಆಟೋಮೊಬೈಲ್ ಪಾಠ ಹೇಳುವವನು. ಹಾಗಾಗಿ ಮನೆತನದ ಎಲ್ಲ ಗಾಡಿಗಳ ತಕರಾರೂ ನನ್ನ ಹತ್ತಿರವೇ ಬರುತ್ತದೆ. ಅವನ ಬೇಡಿಕೆ ಒಂದೇ ಸಾಲು: "ಮಾಮಾ, ಪಿಕಪ್ ಹೆಚ್ಚಾಗದಿದ್ರೂ ನಡೀತದ. ಆವಾಜ್ ಮಾತ್ರ ಛಲೋ ಬರಬೇಕು ನೋಡ್ರಿ."

ಹೀಗೆ ಬಾಯಿಬಿಟ್ಟು ಹೇಳಿದ್ದು ನನಗೆ ಹಿಡಿಸಿತು. ಹೆಚ್ಚಿನವರು ಹೇಳುವುದಿಲ್ಲ. ಪಿಕಪ್ ಬೇಕು, ಮೈಲೇಜ್ ಬೇಕು, ಎಂಜಿನ್ ಫ್ರೀ ಆಗಬೇಕು ಅನ್ನುತ್ತಾರೆ, ಕೊನೆಗೆ ದುಡ್ಡು ಕೊಟ್ಟು ತರುವುದು ಆವಾಜನ್ನೇ. ಬೇಕಾದ್ದು ಆವಾಜು ಅಂತ ಮೊದಲೇ ಒಪ್ಪಿಕೊಂಡರೆ ಸುಮಾರು ಖರ್ಚು ಅಲ್ಲೇ ಉಳಿಯುತ್ತದೆ.

ಅವನು ಬರುವಾಗಲೇ ಆಯ್ಕೆ ಮುಗಿಸಿಕೊಂಡು ಬಂದಿದ್ದ. ಮೊಬೈಲಿನಲ್ಲಿ ಒಂದು ಏರ್ ಇನ್‌ಟೇಕ್ ಕಿಟ್, ಅಂದರೆ ಎಂಜಿನ್ನಿಗೆ ಗಾಳಿ ಒಯ್ಯುವ ದಾರಿಯ ಸಾಮಾನಿನ ಫೋಟೋ: ಮಿರಮಿರ ಮಿಂಚುವ ಅಲ್ಯೂಮಿನಿಯಂ ಪೈಪು, ತುದಿಗೆ ಕೆಂಪು ಕೋನ್ ಫಿಲ್ಟರು. ಬಾನೆಟ್ ಎತ್ತಿದರೆ ನಾಲ್ಕು ಜನ ನೋಡಬೇಕು ಅನ್ನುವಂಥದ್ದು. ಬಜೆಟ್ ಹದಿನೈದು ಸಾವಿರ. ನಾನು ಕಿಟ್ ಬಗ್ಗೆ ಮಾತಾಡಲಿಲ್ಲ. ಗಾಡಿ ಎಲ್ಲೆಲ್ಲಿ ಓಡುತ್ತದೆ ಅಂತ ಕೇಳಿದೆ.

ಉತ್ತರ ಮೂರು ಥರ ಇತ್ತು. ದಿನಾ ಬೆಳಗ್ಗೆ ಸಂಜೆ ಊರೊಳಗಿನ ಟ್ರಾಫಿಕ್ಕು, ಎರಡನೇ ರೈಲ್ವೆ ಗೇಟು ಬಿದ್ದರೆ ಅಲ್ಲೇ ನಿಲ್ಲಬೇಕು. ರಜೆ ಸಿಕ್ಕರೆ ಗೆಳೆಯರ ಜೊತೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಗೋವಾ, ಅದೂ ಮಳೆಗಾಲದಲ್ಲೇ ಜಾಸ್ತಿ. ಚಳಿಗಾಲದಲ್ಲಿ ಬೈಲಹೊಂಗಲ ಕಡೆ ಹೆಂಡತಿಯ ಊರು. ಕಬ್ಬಿನ ಹಂಗಾಮಿನಲ್ಲಿ ಆ ದಾರಿ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಡಬಲ್ ಟ್ರೇಲರ್ ಹಿಂದೆ ಸಿಕ್ಕಿಬಿದ್ದರೆ ಮುಂದಿನ ಗಾಡಿಯ ನಂಬರ್ ಪ್ಲೇಟೂ ಕಾಣದಷ್ಟು ಧೂಳು. ಬಿಸಿ, ನೀರು, ಧೂಳು. ಇನ್‌ಟೇಕ್ ಆರಿಸುವುದಕ್ಕೆ ಇದಕ್ಕಿಂತ ಕೆಟ್ಟ ಪರೀಕ್ಷೆ ಬೇಕಿಲ್ಲ.

ಆವಾಜು ಹುಟ್ಟುವ ಜಾಗ

ಎಂಜಿನ್ ಆವಾಜು ಅಂದ ತಕ್ಷಣ ಎಲ್ಲರಿಗೂ ಸೈಲೆನ್ಸರ್ ನೆನಪಾಗುತ್ತದೆ. ಗಾಳಿ ಎಳೆದುಕೊಳ್ಳುವ ಕಡೆಯೂ ಆವಾಜು ಇದೆ ಅಂತ ತಲೆಗೆ ಹೋಗುವುದಿಲ್ಲ. ಇನ್‌ಟೇಕ್ ವಾಲ್ವ್ ತೆರೆದಾಗ ಪಿಸ್ಟನ್ ಜೋರಾಗಿ ಗಾಳಿ ಎಳೆಯುತ್ತದೆ, ವಾಲ್ವ್ ಮುಚ್ಚಿದಾಗ ಓಡಿಬರುತ್ತಿದ್ದ ಗಾಳಿ ತಟ್ಟನೆ ನಿಲ್ಲುತ್ತದೆ. ಈ ಎಳೆತ, ತಡೆತದ ಅಲೆಗಳು ಪೈಪಿನೊಳಗೆ ಹಿಂದಕ್ಕೆ ಓಡಿ, ಫಿಲ್ಟರ್ ದಾಟಿ, ಗಾಳಿ ಒಳಬರುವ ಬಾಯಿಂದ ಹೊರಗೆ ಬರುತ್ತವೆ. ನಮಗೆ ಕೇಳುವ ಗುರ್ರ್ ಅದು.

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಎರಡು ಸಲ ಗಾಳಿ ಎಳೆತ. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸುತ್ತು, 100 ಎಳೆತ. ಅಂದರೆ 100 ಹರ್ಟ್ಸ್. 4500ಕ್ಕೆ 150, 6000ಕ್ಕೆ 200. ಮೂರು ಸಿಲಿಂಡರಿನ ಗಾಡಿಯಲ್ಲಿ ಅದೇ 3000ಕ್ಕೆ 75 ಹರ್ಟ್ಸ್ ಮಾತ್ರ. ಅದಕ್ಕೇ ಆ ಗಾಡಿಗಳ ದನಿ ಬೇರೆ, ಎಷ್ಟು ದುಡ್ಡು ಹಾಕಿದರೂ ನಾಲ್ಕು ಸಿಲಿಂಡರಿನ ದನಿ ಬರುವುದಿಲ್ಲ.

ಇನ್‌ಟೇಕ್ ಆವಾಜಿನಲ್ಲಿ ನನಗೆ ಇಷ್ಟವಾಗುವ ಗುಣ ಒಂದಿದೆ. ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ತಟ್ಟೆ ಮುಚ್ಚಿಕೊಂಡು ಆವಾಜಿನ ದಾರಿಯನ್ನೂ ಮುಚ್ಚುತ್ತದೆ. ಒತ್ತಿದಾಗ ಮಾತ್ರ ಬಾಗಿಲು ತೆರೆಯುತ್ತದೆ. ಸೈಲೆನ್ಸರ್ ಕುಯ್ಯಿಸಿದ ಗಾಡಿ ರಾತ್ರಿ ಓಣಿಗೆ ಬಂದರೆ ಮಲಗಿದ ಮಕ್ಕಳೂ ಏಳುತ್ತವೆ. ಇನ್‌ಟೇಕ್ ದನಿ ಹಾಗಲ್ಲ. ಓಣಿಯಲ್ಲಿ ನಿಧಾನಕ್ಕೆ ಬಂದರೆ ಗಪ್‌ಚುಪ್, ಘಾಟ್ ಏರುವಾಗ ಕಾಲು ಒತ್ತಿದರೆ ಡ್ರೈವರಿಗೆ ಕೇಳುತ್ತದೆ. ಸಂಸಾರವಂದಿಗರಿಗೆ ಇದೇ ಸರಿ.

ಹಾಗಾದರೆ ಕಂಪನಿಯವರು ಅದನ್ನು ಯಾಕೆ ಕೇಳಿಸುವುದಿಲ್ಲ? ಕಷ್ಟಪಟ್ಟು ಅಡಗಿಸಿರುತ್ತಾರೆ. ಕಾರು ಹಾದುಹೋಗುವಾಗಿನ ಸದ್ದಿಗೆ ನಮ್ಮ ದೇಶದಲ್ಲಿ 74 ಡೆಸಿಬಲ್ ಮಿತಿ ಇದೆ, ಆ ಲೆಕ್ಕದಲ್ಲಿ ಇನ್‌ಟೇಕ್ ಸದ್ದೂ ಸೇರುತ್ತದೆ. ಜೊತೆಗೆ ಕೊಳ್ಳುವವರಲ್ಲಿ ಬಹಳ ಜನಕ್ಕೆ ಮೌನವೇ ಬೇಕು. ಹಾಗಾಗಿ ಗಾಳಿ ಪೈಪಿನ ಪಕ್ಕಕ್ಕೆ ಒಂದೆರಡು ಪೊಳ್ಳು ಪ್ಲಾಸ್ಟಿಕ್ ಡಬ್ಬಗಳನ್ನು ಅಂಟಿಸಿರುತ್ತಾರೆ. ಇದಕ್ಕೆ ರೆಸೊನೇಟರ್ ಅನ್ನುತ್ತಾರೆ. ಗಾಳಿ ಅದರೊಳಗೆ ಹಾದುಹೋಗುವುದಿಲ್ಲ, ಒಳಗೆ ಏನೂ ಇಲ್ಲ. ನೋಡಿದವರಿಗೆ ಇದ್ಯಾಕಪ್ಪಾ ಅನಿಸುತ್ತದೆ. ಖಾಲಿ ಸೋಡಾ ಬಾಟಲಿ ಬಾಯಿಗೆ ಊದಿದರೆ ಒಂದೇ ಒಂದು ದನಿ ಬರುತ್ತದಲ್ಲ, ತತ್ವ ಅದೇ. ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೆಸರಿನ ಲೆಕ್ಕ. ಡಬ್ಬದ ಹೊಟ್ಟೆ ಎಷ್ಟು, ಕುತ್ತಿಗೆ ಎಷ್ಟು ಅಗಲ, ಎಷ್ಟು ಉದ್ದ ಅನ್ನುವುದರ ಮೇಲೆ ಅದರ ದನಿ ನಿಂತಿದೆ. ಆ ದನಿ ಪೈಪಿನಲ್ಲಿ ಬಂದಾಗ ಡಬ್ಬ ತಿರುಗಿ ಬಡಿದು ಅದನ್ನು ಕೊಲ್ಲುತ್ತದೆ.

ಇದರ ಉಲ್ಟಾ ಮಾಡುವ ಕಂಪನಿಗಳೂ ಇವೆ. 2012ರಲ್ಲಿ ಬಂದ ಟೊಯೋಟಾ ಜಿಟಿ86ರಲ್ಲಿ ಇನ್‌ಟೇಕ್‌ನಿಂದ ಒಂದು ಕೊಳವೆಯನ್ನು ಕ್ಯಾಬಿನ್ ಕಡೆಗೆ ಎಳೆದು ಆವಾಜನ್ನು ಒಳಗೆ ಬಿಟ್ಟಿದ್ದರು. ಫೋರ್ಡಿನ ಫೋಕಸ್ ಎಸ್‌ಟಿಯಲ್ಲೂ ಅಂಥದೇ ವ್ಯವಸ್ಥೆ. ದುಡ್ಡು ಖರ್ಚು ಮಾಡಿ ಅಡಗಿಸುವುದು, ಮತ್ತೆ ದುಡ್ಡು ಖರ್ಚು ಮಾಡಿ ತೋರಿಸುವುದು. ಇರಲಿ.

ಕೋನ್ ಫಿಲ್ಟರ್ ಹಾಕಿ ನೋಡಿದ್ದು

ಅಂಗಡಿಯಲ್ಲಿ ಸಿಗುವುದು ಸ್ಥೂಲವಾಗಿ ಮೂರು ಜಾತಿ. ಕಂಪನಿ ಡಬ್ಬದೊಳಗೇ (ಗಾಡಿಯ ಜೊತೆ ಬಂದ ಫಿಲ್ಟರ್ ಡಬ್ಬ, ರೆಸೊನೇಟರ್ ಅಲ್ಲ) ಕೂರುವ, ತೊಳೆದು ಮತ್ತೆ ಹಾಕುವ ಫಿಲ್ಟರು ಒಂದು. 1969ರಿಂದ ಇರುವ ಅಮೆರಿಕದ ಕೆ&ಎನ್, ಇಟಲಿಯ ಬಿಎಂಸಿ, ಇಂಗ್ಲೆಂಡಿನ ಪೈಪರ್‌ಕ್ರಾಸ್ ಇವೆಲ್ಲ ಆ ಸಾಲಿನ ಹೆಸರುಗಳು. ಎರಡನೆಯದು ಡಬ್ಬವನ್ನೇ ಕಿತ್ತು ಬಾನೆಟ್ ಕೆಳಗೆ ಬಯಲಲ್ಲಿ ಕೋನ್ ಫಿಲ್ಟರ್ ನಿಲ್ಲಿಸುವುದು. ಮೂರನೆಯದು ಉದ್ದ ಪೈಪಿನಲ್ಲಿ ಕೋನನ್ನು ಬಂಪರ್ ಕೆಳಗೋ ಚಕ್ರದ ಗೂಡಿಗೋ ಇಳಿಸಿ ತಣ್ಣನೆ ಗಾಳಿ ಎಳೆಯುವುದು.

ಮೊದಲ ಜಾತಿಯ ವಿಷಯ ಬೇಗ ಮುಗಿಯುತ್ತದೆ. ಆವಾಜಿಗೆ ಅದು ಬೇಡ. ಡಬ್ಬ ಅದೇ, ಪೈಪು ಅದೇ, ರೆಸೊನೇಟರ್ ಅದೇ. ನಡುವಿನ ಕಾಗದ ಹೋಗಿ ಬಟ್ಟೆ ಬಂದರೆ ದನಿಯಲ್ಲಿ ಏನು ಬದಲಾದೀತು? ಮೇಲೆ ಹೇಳಿದ ಕಂಪನಿಗಳ ಮಾಲು ಒಳ್ಳೆಯದೇ. ಆದರೆ ಇವನ ಬೇಡಿಕೆಗೆ ಅದು ಉತ್ತರ ಅಲ್ಲ.

ಎರಡನೆಯದನ್ನು ಬಾಯಿಮಾತಿನಲ್ಲಿ ಬೇಡ ಅಂದರೆ ಇವನು ಒಪ್ಪುವವನಲ್ಲ. ಗೆಳೆಯನೊಬ್ಬನ ಗಾಡಿಯಿಂದ ಬ್ರ್ಯಾಂಡ್ ಇಲ್ಲದ ಒಂದು ಕೋನ್ ಕಿಟ್ ಕಡ ತಂದ. ಆಟೋನಗರದಲ್ಲಿ ನಮ್ಮ ಪರಿಚಯದ ಮಿಸ್ತ್ರಿ ಅದನ್ನು ಕೂರಿಸಿಕೊಟ್ಟರು. ಕ್ಲಾಂಪ್ ಬಿಗಿ ಮಾಡುತ್ತಾ ಅವರು ಹೇಳಿದ ಮಾತು: "ಆವಾಜ್ ಬಂತಂದ್ರ ಪಿಕಪ್ ಬಂತಂತ ತಿಳಕೋತಾರ್ರೀ ಸರ ಈ ಹುಡುಗುರು. ಹಾಕಿ ಕಳಸ್ತೀವಿ. ತಿಂಗಳ ಆದಮ್ಯಾಲ ಹಳೇ ಡಬ್ಬಿ ಹುಡಕ್ಕೋಂತ ಬರ್ತಾರ."

ಆವಾಜು ಬಂತು. ಅದರಲ್ಲಿ ಎರಡು ಮಾತಿಲ್ಲ. ಭಾನುವಾರ ಬೆಳಗ್ಗೆ ಖಾಲಿ ಇರುವ ಜಾಂಬೋಟಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 2500ರಿಂದ ಒತ್ತಿದರೆ ಡ್ಯಾಶ್‌ಬೋರ್ಡ್ ಹಿಂದಿನಿಂದ ಗುಡುಗು ಎದ್ದಂತೆ ಬಂತು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇವನ ಮುಖ ಅಂತೂ ನೋಡುವ ಹಾಗಿತ್ತು.

ಆದರೆ ಸ್ಟೇರಿಂಗ್ ಕೆಳಗೆ, ಗಾಡಿಯ ಕಂಪ್ಯೂಟರಿನ ಅಂಕಿ ಓದಲು ಇರುವ ಓಬಿಡಿ ಸಾಕೆಟ್ಟಿಗೆ ನಾನು ಒಂದು ಬ್ಲೂಟೂತ್ ರೀಡರ್ ಚುಚ್ಚಿಟ್ಟಿದ್ದೆ. ಎಂಜಿನ್ ಎಳೆದುಕೊಳ್ಳುವ ಗಾಳಿಯ ಬಿಸಿ ಎಷ್ಟು ಅಂತ ಮೊಬೈಲಿನಲ್ಲಿ ಕಾಣುತ್ತದೆ. ಕಂಪನಿ ಡಬ್ಬದಲ್ಲಿ ಗಾಡಿ ಓಡುವಾಗ ಅದು ಹೊರಗಿನ ಬಿಸಿಗಿಂತ ಸ್ವಲ್ಪವೇ ಮೇಲೆ ಇರುತ್ತಿತ್ತು. ಕೋನ್ ಹಾಕಿಕೊಂಡು ವಾಪಸ್ ಊರಿಗೆ ಬಂದಾಗ ರೈಲ್ವೆ ಗೇಟು ಬಿತ್ತು. ಗೂಡ್ಸ್ ಗಾಡಿ ದಾಟುವಷ್ಟರಲ್ಲಿ ಅಂಕಿ ಏರುತ್ತಾ ಏರುತ್ತಾ 60 ಡಿಗ್ರಿ ದಾಟಿತು. ಕೋನ್ ನಿಂತಿದ್ದು ರೇಡಿಯೇಟರ್ ಹಿಂದೆ, ಬಿಸಿ ಗಾಳಿ ಬಿಟ್ಟರೆ ಅದಕ್ಕೆ ಬೇರೆ ಏನು ಸಿಗಬೇಕು? 35 ಡಿಗ್ರಿಯ ಗಾಳಿಗಿಂತ 60 ಡಿಗ್ರಿಯ ಗಾಳಿ ಶೇಕಡಾ 7ರಷ್ಟು ತೆಳು. ಆಮ್ಲಜನಕ ಅಷ್ಟು ಕಡಿಮೆ, ಪಿಕಪ್ ಅಷ್ಟು ಕಡಿಮೆ. ಅದರ ಮೇಲೆ ಗಾಳಿ ಬಿಸಿ ಇದ್ದಾಗ ಎಂಜಿನ್ ಬಡಿಯಬಾರದು (ಒಳಗೆ ಪೆಟ್ರೋಲ್ ತಾನಾಗೇ ಸಿಡಿಯಬಾರದು) ಅಂತ ಕಂಪ್ಯೂಟರ್ ಸ್ಪಾರ್ಕನ್ನು ತಡ ಮಾಡುತ್ತದೆ. ಗೇಟು ಎದ್ದ ಮೇಲೆ ಗಾಡಿ ಮಂಕಾಗಿ ಎದ್ದದ್ದು ಇವನಿಗೂ ಗೊತ್ತಾಯಿತು.

ಗಾಳಿ ತೆಳುವಾಗುವ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಪಣಜಿಗಿಂತ ಶೇಕಡಾ 8ರಷ್ಟು ಕಡಿಮೆ. ಟರ್ಬೋ ಇಲ್ಲದ ಗಾಡಿ ಗೋವಾದಲ್ಲಿ ಚುರುಕಾಗಿ ಓಡಿತು ಅಂತ ನಮ್ಮ ಹುಡುಗರು ಹೇಳುವುದು ಭ್ರಮೆ ಅಲ್ಲ. ಘಾಟ್ ಇಳಿದರೆ ಬಿಟ್ಟಿ ಸಿಗುವಷ್ಟನ್ನು ಯಾವ ಫಿಲ್ಟರೂ ಕೊಡುವುದಿಲ್ಲ.

ಬಿಸಿಗಿಂತ ನನಗೆ ಹೆಚ್ಚು ಹೆದರಿಕೆ ಇದ್ದದ್ದು ಧೂಳಿಂದು. ಅದೇ ಕೋನ್ ಹಾಕಿಕೊಂಡು ಇವನು ಬೈಲಹೊಂಗಲಕ್ಕೆ ಹೋಗಿಬಂದ. ಬಂದ ಮೇಲೆ ಫಿಲ್ಟರ್ ಬಿಚ್ಚಿಸಿ, ಪೈಪಿನ ಒಳಗೋಡೆಯನ್ನು ಬಿಳಿ ಬನಿಯನ್ ಬಟ್ಟೆಯಿಂದ ಒರೆಸಲು ಹೇಳಿದೆ. ಫಿಲ್ಟರ್ ದಾಟಿದ ಮೇಲಿನ ಭಾಗ ಅದು, ಏನೂ ಇರಬಾರದು. ಬಟ್ಟೆಗೆ ಕಂದು ಬಣ್ಣ ಹತ್ತಿತು. ಬೆರಳುಗಳ ನಡುವೆ ತಿಕ್ಕಿದರೆ ಸಣ್ಣಗೆ ಮರಳು ಸಿಕ್ಕಿತು. ಅವನು ಏನೂ ಮಾತಾಡಲಿಲ್ಲ, ಲೇತ್ ಮೇಲೆ ಕೆಲಸ ಮಾಡುವವನಿಗೆ ಎಣ್ಣೆಯಲ್ಲಿ ಸೇರಿದ ಮರಳಿನ ಪುಡಿ ಏನು ಮಾಡುತ್ತದೆ ಅಂತ ನಾನು ಹೇಳಬೇಕೇ? ಸಿಲಿಂಡರ್ ಗೋಡೆ ಮತ್ತು ರಿಂಗುಗಳ ನಡುವೆ ಅದು ಲೋಹ ಉಜ್ಜಿ ಸವೆಸುವ ಲ್ಯಾಪಿಂಗ್ ಪೇಸ್ಟಿನ ಕೆಲಸವನ್ನೇ ಮಾಡುತ್ತದೆ.

ಒಳ್ಳೆಯ ಕಂಪನಿಯ ಕೋನ್ ಆಗಿದ್ದರೆ ಇಷ್ಟು ಬಿಡುತ್ತಿರಲಿಲ್ಲ. ಏರ್ ಫಿಲ್ಟರುಗಳನ್ನು ಪರೀಕ್ಷಿಸಲು ಐಎಸ್‌ಒ 5011 ಅನ್ನುವ ಅಂತರರಾಷ್ಟ್ರೀಯ ಕ್ರಮ ಇದೆ. ಅಳೆದ ಧೂಳನ್ನು ಊದಿ, ಎಷ್ಟು ತಡೆಯಿತು, ಎಷ್ಟು ದಾಟಿತು ಅಂತ ನೋಡುತ್ತಾರೆ. ಕೊಳ್ಳುವ ಮುಂಚೆ ಆ ಪರೀಕ್ಷೆಯ ಅಂಕಿ ಕೇಳಿ. ಅಂಗಡಿಯವನು ಅಂಕಿ ಕೊಡದೆ ಅಶ್ವಶಕ್ತಿಯ ಮಾತಾಡಿದರೆ ಎದ್ದು ಬನ್ನಿ. ಎಣ್ಣೆ ಹಚ್ಚುವ ಫಿಲ್ಟರುಗಳಲ್ಲಿ ಇನ್ನೊಂದು ಪೇಚು ಇದೆ. ತೊಳೆದ ಮೇಲೆ ಎಣ್ಣೆ ಜಾಸ್ತಿ ಬಿದ್ದರೆ ಅದು ಗಾಳಿಯ ಜೊತೆ ಹೋಗಿ, ಗಾಳಿ ಅಳೆಯುವ ಸೆನ್ಸರಿನ ಕೂದಲೆಳೆಯಂಥ ತಂತಿಗೆ ಅಂಟುತ್ತದೆ.

ಉದ್ಯಮಬಾಗದ ಪೈಪು

ಕಡ ತಂದ ಕಿಟ್ ವಾಪಸ್ ಹೋಯಿತು. ಆದರೆ ಇವನ ತಲೆಯಲ್ಲಿ ಬೇರೆ ಹುಳ ಹೊಕ್ಕಿತ್ತು. ಕಂಪನಿ ಡಬ್ಬ ಇರಲಿ, ಫಿಲ್ಟರೂ ಇರಲಿ, ಡಬ್ಬದಿಂದ ಥ್ರಾಟಲ್‌ವರೆಗಿನ ಸುಕ್ಕು ರಬ್ಬರ್ ಪೈಪನ್ನು ತೆಗೆದು ಅಲ್ಯೂಮಿನಿಯಂ ಪೈಪು ತಾನೇ ಮಾಡಿ ಹಾಕಿದರೆ? ಗೋಡೆ ಗಟ್ಟಿ ಇದ್ದರೆ ದನಿ ಖಣಖಣ ಬರುತ್ತದೆ ಅನ್ನುವುದು ಲೆಕ್ಕ. "ಮಾಮಾ, ನಾನು ನೂರನೇ ಒಂದ್ ಎಂಎಂ ಹಿಡಿಯಾಂವ. ಪೈಪ್ ಏನ್ ದೊಡ್ಡ ಮಾತು?" ಉದ್ಯಮಬಾಗದಲ್ಲಿ ಫೌಂಡ್ರಿ ಉಂಟು, ಲೇತ್ ಉಂಟು, ಆರ್ಗನ್ ವೆಲ್ಡಿಂಗ್ ಮಾಡುವವರು ಉಂಟು. ಪೈಪು ಎರಡು ಸಂಜೆಯ ಕೆಲಸ.

ಪೈಪು ನೋಡಲು ಏನೋ ಚೆಂದ ಬಂತು. ವೆಲ್ಡಿಂಗ್ ಗೆರೆ ಕೂಡ ಒಂದೇ ಸಮ. ಗಾಡಿಗೆ ಹಾಕಿ ಸ್ಟಾರ್ಟ್ ಮಾಡಿದರೆ ಐಡಲ್, ಅಂದರೆ ನಿಂತಲ್ಲೇ ಎಂಜಿನ್ ತಿರುಗುವ ವೇಗ, ಏರುಪೇರು. ಹತ್ತು ಕಿಲೋಮೀಟರ್ ಓಡಿಸುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಲೈಟು. ರೀಡರ್ ಹಾಕಿದರೆ ಪಿ0171, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲುತ್ತಿಲ್ಲ.

ಕಾರಣ ಹುಡುಕಲು ವರ್ನಿಯರ್ ಸಾಕಾಯಿತು. ಈ ಗಾಡಿಯಲ್ಲಿ ಗಾಳಿ ಅಳೆಯುವ ಸೆನ್ಸರ್ ಪೈಪಿನ ದಾರಿಯಲ್ಲೇ ಕೂತಿದೆ. ಕಂಪನಿಯ ದಾರಿ ಅಲ್ಲಿ 60 ಎಂಎಂ. ಇವನಿಗೆ ಅಂಗಡಿಯಲ್ಲಿ ಸಿಕ್ಕ ಪೈಪಿನ ಒಳವ್ಯಾಸ 70 ಎಂಎಂ, ಸೆನ್ಸರನ್ನು ಅದರಲ್ಲೇ ಕೂರಿಸಿದ್ದ. ಹತ್ತು ಎಂಎಂ ಏನು ಮಹಾ ಅನಿಸುತ್ತದೆ, ಅಲ್ವಾ? ದಾರಿಯ ವಿಸ್ತೀರ್ಣ ಆಗ 36 ಶೇಕಡಾ ಜಾಸ್ತಿ. ಅದೇ ಗಾಳಿ ಅಗಲ ದಾರಿಯಲ್ಲಿ ನಿಧಾನವಾಗಿ ಹೋಗುತ್ತದೆ. ಸೆನ್ಸರಿಗೆ ಗೊತ್ತಾಗುವುದು ವೇಗ ಮಾತ್ರ, ಪೈಪು ಅಗಲ ಆದದ್ದು ಅದಕ್ಕೆ ಯಾರು ಹೇಳಬೇಕು? ಬಂದ ಗಾಳಿಯನ್ನು ಅದು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆ ಲೆಕ್ಕ ಹಾಕಿತು. ಕಂಪ್ಯೂಟರ್ ಅಷ್ಟಕ್ಕೇ ಪೆಟ್ರೋಲ್ ಕೊಟ್ಟಿತು. ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ಸಾಧ್ಯವಾದಷ್ಟು ತಿದ್ದಿಕೊಂಡಿತು, ಆಗದೇ ಹೋದಾಗ ಲೈಟು ಹಾಕಿತು. ಇಂಥ ಗಾಡಿಗಳಲ್ಲಿ ಪೂರ್ತಿ ಕಾಲು ಒತ್ತಿದಾಗ ಆ ತಿದ್ದುಪಡಿಯೂ ಇರುವುದಿಲ್ಲ. ಪೆಟ್ರೋಲ್ ಹೆಚ್ಚು ಬೇಕಾದ ಹೊತ್ತಿನಲ್ಲೇ ಕೊರತೆ. ವಾಲ್ವ್, ಪಿಸ್ಟನ್ ಸುಡುವುದು ಹೀಗೆ.

ಬೇರೆ ಗಾಡಿಗಳವರು ಇಲ್ಲೊಂದು ಗಮನಿಸಬೇಕು. ಕೆಲವು ಎಂಜಿನ್ನುಗಳಲ್ಲಿ ಗಾಳಿ ಅಳೆಯುವ ತಂತಿ ಇರುವುದೇ ಇಲ್ಲ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಮತ್ತು ಗಾಳಿಯ ಬಿಸಿ ನೋಡಿ ಲೆಕ್ಕ ಹಾಕುತ್ತವೆ. ಅಂಥ ಗಾಡಿಗೆ ಪೈಪಿನ ವ್ಯಾಸದ ಈ ತೊಂದರೆ ಇಲ್ಲ. ನಿಮ್ಮ ಗಾಡಿ ಯಾವ ಜಾತಿ ಅಂತ ತಿಳಿಯದೆ ಇನ್ನೊಬ್ಬನ ಅನುಭವ ಕೇಳಿ ಪೈಪು ಮಾಡಿಸಬೇಡಿ.

ಈ ಹೊತ್ತಿಗೆ ನನ್ನ ಅಭಿಪ್ರಾಯ ಗಟ್ಟಿಯಾಗಿತ್ತು, ಇವನಿಗೂ ಅದನ್ನೇ ಹೇಳಿದೆ. ಗಾಳಿಯ ದಾರಿಗೆ ಎರಡು ಕಡೆ. ಫಿಲ್ಟರ್ ತನಕ ಧೂಳಿನ ಕಡೆ, ಫಿಲ್ಟರ್ ದಾಟಿದ ಮೇಲೆ ಶುದ್ಧ ಕಡೆ. ಸೆನ್ಸರ್ ಇರುವುದು, ಧೂಳು ಹೊಕ್ಕರೆ ಎಂಜಿನ್ ಹಾಳಾಗುವುದು, ಕ್ಲಾಂಪ್ ಸಡಿಲಾದರೆ ಗತಿ ಕೆಡುವುದು ಎಲ್ಲ ಶುದ್ಧ ಕಡೆ. ಆವಾಜು ಮಾತ್ರ ಎರಡೂ ಕಡೆ ಇದೆ. ಅಂದ ಮೇಲೆ ಕೈ ಹಾಕುವುದಿದ್ದರೆ ಧೂಳಿನ ಕಡೆಯಲ್ಲೇ ಹಾಕು. ಆ ಕಡೆ ಏನು ತಪ್ಪಿದರೂ ಫಿಲ್ಟರ್ ನಿಂತಿರುತ್ತದೆ.

ಡಬ್ಬದ ಅಳತೆ

ಮೂರನೇ ಜಾತಿ, ಅಂದರೆ ಬಂಪರ್ ಕೆಳಗಿಂದ ಎಳೆಯುವ ಉದ್ದ ಪೈಪು, ಬಿಸಿಗೆ ಒಳ್ಳೆಯದು, ದನಿಯೂ ಗಂಭೀರ. ಆದರೆ ಚೋರ್ಲಾ ದಾರಿಗೆ ಅದು ಆಗದ ಮಾತು. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆ ಗೊತ್ತಲ್ಲ, ರಸ್ತೆ ಎಲ್ಲಿ, ಹಳ್ಳ ಎಲ್ಲಿ ಅಂತ ತಿಳಿಯದ ದಿನಗಳಿರುತ್ತವೆ. ಈ ಎಂಜಿನ್ನಿನ ಒಂದು ಸಿಲಿಂಡರ್ 374 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 40 ಎಂಎಲ್. ಅದಕ್ಕಿಂತ ಜಾಸ್ತಿ ನೀರು ಹೊಕ್ಕರೆ ಪಿಸ್ಟನ್ ಮೇಲೆ ಬರಲಾರದು, ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಾಮೂಲಿ ಇನ್ಶೂರೆನ್ಸಿನಲ್ಲಿ ಇದಕ್ಕೆ ದುಡ್ಡು ಸಿಗುವುದು ಕಷ್ಟ. ಎಂಜಿನ್ ರಕ್ಷಣೆಯ ಪ್ರತ್ಯೇಕ ಕವರ್ ತಗೊಂಡಿರಬೇಕು. ತಗೊಂಡಿದ್ದರೂ ಇನ್‌ಟೇಕ್ ಬದಲಿಸಿದ್ದನ್ನು ತಿಳಿಸದೇ ಇದ್ದರೆ ಅಲ್ಲೂ ತಕರಾರು.

ಉಳಿದದ್ದು ಒಂದೇ. ಮುಂದಿನ ಚಕ್ರದ ಗೂಡಿನ ಪ್ಲಾಸ್ಟಿಕ್ ಲೈನಿಂಗ್ ಬಿಚ್ಚಿದರೆ ಒಳಗೆ, ಗಾಳಿ ಎಳೆಯುವ ಕೊಳವೆಯ ಪಕ್ಕಕ್ಕೆ, ಒಂದು ಕರಿ ಡಬ್ಬ. ಅದೇ ರೆಸೊನೇಟರ್. ಫಿಲ್ಟರಿಗಿಂತ ಮುಂಚೆ ಬರುವುದರಿಂದ ಧೂಳಿನ ಕಡೆಯ ಸಾಮಾನು.

ಇವನು ಅದನ್ನು ಬಿಚ್ಚಿ ಮನೆಗೆ ತಂದ. ತೊಳೆದು, ಹಾಲಿನ ಲೀಟರಿನಿಂದ ನೀರು ಸುರಿದು ಅಳೆದ. ಎರಡು ಲೀಟರಿನ ಹತ್ತಿರ ಹಿಡಿಯಿತು. ಕುತ್ತಿಗೆಗೆ ವರ್ನಿಯರ್ ಹಿಡಿದರೆ ಒಳವ್ಯಾಸ 40 ಎಂಎಂ, ಉದ್ದ 60. ಅಡುಗೆಮನೆ ಕಟ್ಟೆಯ ಮೇಲೇ ಕಾಗದ ಹಾಸಿಕೊಂಡು ಹೆಲ್ಮ್‌ಹೋಲ್ಟ್ಸ್ ಲೆಕ್ಕ ಮಾಡಿದೆವು. ಕುತ್ತಿಗೆಯ ಎರಡೂ ತುದಿಯಲ್ಲಿ ಗಾಳಿ ಸ್ವಲ್ಪ ಹೊರಗೂ ಆಡುತ್ತದೆ, ಅದಕ್ಕಾಗಿ ಉದ್ದಕ್ಕೆ ಒಂದಷ್ಟು ಸೇರಿಸಬೇಕು. ಬಂದ ಉತ್ತರ 150 ಹರ್ಟ್ಸ್ ಆಸುಪಾಸು. ಈ ಡಬ್ಬ ಕೊಲ್ಲುತ್ತಿದ್ದದ್ದು 4500 ಆರ್‌ಪಿಎಂನ ದನಿಯನ್ನು. ಘಾಟ್ ಏರುವಾಗ ಗೇರ್ ಇಳಿಸಿ ಒತ್ತಿದರೆ ಮುಳ್ಳು ನಿಲ್ಲುವುದು ಅಲ್ಲೇ.

"ಅಂದ್ರ ನಾ ಕೇಳಬೇಕಂತಿದ್ದ ಆವಾಜ್ ಇಷ್ಟು ದಿನ ಇದರಾಗ ಇತ್ತಲ್ಲ ಮಾಮಾ!" ಅಂದ. ಹದಿನೈದು ಸಾವಿರದ ಬಜೆಟ್ಟು ಆ ಕ್ಷಣ ಇಬ್ಬರಿಗೂ ಮರೆತೇ ಹೋಯಿತು.

ಡಬ್ಬ ತೆಗೆದರೆ ಕೊಳವೆಯಲ್ಲಿ ತೂತು ಉಳಿಯುತ್ತದೆ. ಅದನ್ನು ತೆರೆದೇ ಬಿಟ್ಟರೆ ಚಕ್ರ ಎರಚುವ ಕೆಸರು ನೀರು ನೇರ ಒಳಗೆ. ಟೇಪ್ ಸುತ್ತುವವರನ್ನು ನೋಡಿದ್ದೇನೆ. ಎರಡು ಮಳೆಗೆ ಅದು ಕಳಚುತ್ತದೆ. ಇವನ ಕೈಗೆ ಇಲ್ಲಿ ಸರಿಯಾದ ಕೆಲಸ ಸಿಕ್ಕಿತು. ನೈಲಾನ್ ರಾಡಿನಿಂದ ಒಂದು ಪ್ಲಗ್ ತಿರುಗಿಸಿ, ಒ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಕೂರುವ ತೋಡು ಕೊರೆದು, ಹಿಂದಿನಿಂದ ಕ್ಲಾಂಪ್ ಹಿಡಿಯುವಂತೆ ಮೆಟ್ಟಿಲು ಬಿಟ್ಟ. ಕೈಯಲ್ಲಿ ಎಳೆದರೆ ಅಲುಗದು. ಕೊಳವೆಯ ಬಾಯಿ ಕಂಪನಿ ಇಟ್ಟ ಎತ್ತರದಲ್ಲೇ, ಹೆಡ್‌ಲೈಟ್ ಹಿಂದೆ, ಹಾಗೇ ಉಳಿಯಿತು. ಫಿಲ್ಟರು ಕಂಪನಿಯ ಕಾಗದದ್ದೇ, ಹೊಸದು ಹಾಕಿಸಿದೆವು. ಶುದ್ಧ ಕಡೆಯ ರಬ್ಬರ್ ಪೈಪು ವಾಪಸ್ ತನ್ನ ಜಾಗಕ್ಕೆ. ಎಂಜಿನ್ ಲೈಟು ಆರಿತು.

ಮತ್ತೆ ಅದೇ ಜಾಂಬೋಟಿ ರಸ್ತೆ, ಮೂರನೇ ಗೇರು. 3500ರವರೆಗೆ ಏನೂ ವ್ಯತ್ಯಾಸ ಇಲ್ಲ. ಇವನು ನನ್ನ ಮುಖ ನೋಡಿದ. 4000 ದಾಟಿದ ಮೇಲೆ ದಪ್ಪ ದನಿಯೊಂದು ಏರಿಕೊಂಡು ಬಂತು, 4500ರ ಸುತ್ತ ತುಂಬಿ ನಿಂತಿತು, ಕಾಲು ಬಿಟ್ಟ ತಕ್ಷಣ ಮಾಯ. ಕೋನ್ ಫಿಲ್ಟರಿನಷ್ಟು ಗದ್ದಲ ಅಲ್ಲ. ನನ್ನ ಕಿವಿಗೆ ಅದಕ್ಕಿಂತ ಇದೇ ಚೆಂದ. ಕೋನಿನಲ್ಲಿ ಗಾಳಿ ಸೀಟಿ ಹೊಡೆಯುವ ಸದ್ದೂ ಬೆರೆತಿರುತ್ತದೆ, ಇಲ್ಲಿ ಎಂಜಿನ್ನಿನ ದನಿ ಮಾತ್ರ. ಮೊಬೈಲ್ ಆ್ಯಪ್ ಹಿಡಿದು ನೋಡಿದರೆ ಒತ್ತಿದಾಗ ಕ್ಯಾಬಿನ್ನಿನಲ್ಲಿ ನಾಲ್ಕೈದು ಡೆಸಿಬಲ್ ಹೆಚ್ಚು, ಹೈವೇಯಲ್ಲಿ ಸಮವೇಗದಲ್ಲಿ ಹೋಗುವಾಗ ಮೊದಲಿನಷ್ಟೇ. ಗಾಳಿಯ ಬಿಸಿಯೂ ಮೊದಲಿನಷ್ಟೇ. ಪಿಕಪ್? ಅದೂ ಮೊದಲಿನಷ್ಟೇ. 6000 ಆರ್‌ಪಿಎಂನಲ್ಲಿ ಈ ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಲೀಟರ್ ಹತ್ತಿರ ಗಾಳಿ ಎಳೆಯುತ್ತದೆ, ಕಂಪನಿಯ ಡಬ್ಬ ಅಷ್ಟಕ್ಕೆ ಅಳೆದೇ ಮಾಡಿದ್ದು.

ಕೊರತೆ ಇಲ್ಲ ಅಂತಲ್ಲ. ಗಾಳಿಯ ಬಾಯಿ ಇರುವುದು ಎಡಗಡೆ, ಡ್ರೈವರ್ ಕೂರುವುದು ಬಲಗಡೆ. ಆವಾಜು ಚೆನ್ನಾಗಿ ಕೇಳುವುದು ಪಕ್ಕದ ಸೀಟಿನವರಿಗೆ, ಅದೂ ಕಿಟಕಿ ಇಳಿಸಿದರೆ. ಪಕ್ಕದ ಸೀಟಿನಲ್ಲಿ ದಿನಾ ಕೂರುವುದು ನನ್ನ ತಂಗಿ. ಕಿತ್ತೂರಿಗೆ ಹೋಗುವಾಗ ಲಾರಿ ಹಿಂದೆ ಹಾಕಲು ಇವನು ಒತ್ತಿದ್ದಾನೆ, "ಗಾಡಿ ಯಾಕಪಾ ಸಿಟ್ಟಿಗೆದ್ದೈತಿ, ಮೆಲ್ಲಕ ಹೊಡಿ" ಅಂದಳಂತೆ.

ಕಾನೂನಿನ ವಿಷಯ ಇವನಿಗೆ ಮೊದಲೇ ಹೇಳಿದ್ದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಏರ್ ಇನ್‌ಟೇಕ್ ಆರ್‌ಸಿಯಲ್ಲಿ ಇರುವುದಿಲ್ಲ, ಅಷ್ಟಕ್ಕೇ ಪಾರಾದೆ ಅಂದುಕೊಳ್ಳಬಾರದು. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ ಕಲಂ 190(2) ಇದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಹತ್ತು ಸಾವಿರದವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಲೈಸೆನ್ಸೂ ಅಮಾನತು. ಕೋನ್ ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ಡಬ್ಬ ತೆಗೆದ ಮೇಲೂ ಹೊರಗಿನವರಿಗೆ ಕೇಳುವ ಸದ್ದು ಸ್ವಲ್ಪ ಏರಿದೆ ಅನ್ನುವುದು ನಿಜ. ಅದಕ್ಕೇ ಊರೊಳಗೆ 4000 ದಾಟಿಸಬೇಡ ಅಂತ ತಾಕೀತು ಮಾಡಿದ್ದೇನೆ. ಹಳೆಯ ಡಬ್ಬ, ಅದರ ಎರಡು ಬೋಲ್ಟು, ಕ್ಲಿಪ್ಪು ಎಲ್ಲ ಚೀಲಕ್ಕೆ ಹಾಕಿ ಮನೆಯ ಅಟ್ಟದ ಮೇಲೆ ಇಟ್ಟಿದ್ದಾನೆ. ಬೇಕಾದರೆ ಅರ್ಧ ಗಂಟೆಯಲ್ಲಿ ಗಾಡಿ ಮೊದಲಿನಂತಾಗುತ್ತದೆ. ಕೊಳ್ಳುವವರು ಬಂದಾಗ ಇದು ಕೆಲಸಕ್ಕೆ ಬರುತ್ತದೆ. ಅದೇ ಗಾಡಿಗೆ ಕೋನ್ ಹಾಕಿ ಓಡಿಸಿದ್ದರೆ ಅನುಭವ ಇದ್ದವನು ಬಾನೆಟ್ ಎತ್ತಿದ ಕೂಡಲೇ ರೇಟು ಇಳಿಸುತ್ತಾನೆ.

ಖರ್ಚು: ಹೊಸ ಏರ್ ಫಿಲ್ಟರು, ಒ-ರಿಂಗು, ಮಿಸ್ತ್ರಿಯ ಕೂಲಿ. ನೈಲಾನ್ ತುಂಡು ಶಾಪಿನ ಗುಜರಿಯಲ್ಲಿ ಬಿದ್ದಿದ್ದು. ಹಳೇ ಅಲ್ಯೂಮಿನಿಯಂ ಪೈಪಿಗೆ ಹಾಕಿದ ದುಡ್ಡನ್ನು ಅವನು ಈ ಲೆಕ್ಕದಲ್ಲಿ ಸೇರಿಸಲು ಬಿಡುವುದಿಲ್ಲ. ಕಬ್ಬಿನ ಹಂಗಾಮು ಮುಗಿದ ಮೇಲೆ ಶುದ್ಧ ಕಡೆಯ ಪೈಪನ್ನು ಮತ್ತೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿದ್ದಾಯಿತು, ಬಟ್ಟೆ ಬೆಳ್ಳಗೇ ಬಂತು. ಮಳೆಗಾಲಕ್ಕೆ ಮುಂಚೆ ಒ-ರಿಂಗ್ ಬದಲಿಸುವುದು ಬಾಕಿ.

ಆಟೋನಗರದ ಮಿಸ್ತ್ರಿ ಅದೇ ಅಳತೆಯ ಇನ್ನೆರಡು ಪ್ಲಗ್ ಕೇಳಿದ್ದಾರೆ, ಎರಡು ಗಿರಾಕಿಗಳಿಗಂತೆ. ಒಂದನ್ನು ಮಾಡಿಕೊಡು ಅಂದೆ. ಇನ್ನೊಂದು ಗಾಡಿ ಇನ್ನೂ ವಾರಂಟಿಯಲ್ಲಿದೆ. ಅದಕ್ಕೆ ಬೇಡ ಅಂತ ಹೇಳಿ ಕಳಿಸಿದ್ದೇನೆ.